ಹಬ್ಬದ ಸದ್ದು, ಮಗುವಿನ ಕಿವಿ

ಹಬ್ಬವೆಂಬುದು ಇಂದ್ರಿಯಗಳಿಗೆ ನಾವು ಬಡಿಸುವ ಔತಣ. ವರ್ಷವಿಡೀ ಮಳೆ, ಕೆಸರು, ತೋಟದ ದುಡಿಮೆ, ಸಾಲಸೋಲಗಳ ನಡುವೆ ಮಂಕಾಗಿದ್ದ ಕಣ್ಣುಕಿವಿಗಳನ್ನು ತಟ್ಟಿ ಎಬ್ಬಿಸಿ ಬದುಕಿನ ಸೊಗಸನ್ನು ಅವುಗಳ ಮುಂದಿಡುವುದೇ ಅದರ ಉದ್ದೇಶ. ಮಾವಿನ ತೋರಣದ ಹಸಿರು, ಸಾರಿಸಿದ ಅಂಗಳದ ರಂಗೋಲಿ, ಲೋಬಾನದ ಹೊಗೆ, ಒಬ್ಬಟ್ಟಿನ ಹೂರಣದ ಕಂಪು, ಹೊಸಬಟ್ಟೆಯ ಗರಿ, ಓಲಗದ ನಾದ, ಇವುಗಳಲ್ಲಿ ಒಂದು ಕಡಿಮೆಯಾದರೂ ಹಬ್ಬ ಸಪ್ಪೆಯಾಯಿತೆಂದು ಹಿರಿಯರು ಗೊಣಗುವುದುಂಟು. ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸಬೇಕೆಂಬ ಸಂಸ್ಕಾರದಲ್ಲಿ ಬೆಳೆದವರು ನಾವು. ನಮಗೆ ಇಂದ್ರಿಯಗಳು ಹಗೆಗಳಲ್ಲ, ಬಾಗಿಲುಗಳು.

ಆದರೆ ಈ ಬಾಗಿಲುಗಳು ಎಲ್ಲರಲ್ಲಿಯೂ ಒಂದೇ ಅಗಲಕ್ಕೆ ತೆರೆದುಕೊಳ್ಳುವುದಿಲ್ಲ. ಕೆಲವು ಮಕ್ಕಳಲ್ಲಿ ಅವು ಸದಾ ಹಾರುಹೊಡೆದೇ ಇರುತ್ತವೆ. ಮುಚ್ಚಲು ಕದವಿಲ್ಲ, ಹಾಕಲು ಅಗಳಿಯಿಲ್ಲ. ನಮಗೆ ಇಂಪಾದ ಓಲಗ ಆ ಮಗುವಿಗೆ ತಲೆಯ ಮೇಲೆ ಬಿದ್ದ ಕಲ್ಲಾಗುತ್ತದೆ. ನಮಗೆ ಮಿರುಗುವ ಜರಿಯ ಅಂಚು ಅದರ ಕತ್ತಿಗೆ ಗರಗಸವಾಗುತ್ತದೆ. ಇಂಥ ಮಕ್ಕಳು ಇಂದು ಅನೇಕ ಮನೆಗಳಲ್ಲಿದ್ದಾರೆ. ಹಿಂದೆಯೂ ಇದ್ದರು, ನಾವು ಬೇರೆ ಹೆಸರಿಟ್ಟು ಕರೆಯುತ್ತಿದ್ದೆವು, ಅಷ್ಟೇ. ಅವರಲ್ಲೊಬ್ಬ ನನ್ನ ಮೊಮ್ಮಗ. ಅವನನ್ನು ಕಂಡು, ಅವನ ತಾಯಿಯಿಂದ ಕೇಳಿ, ಒಂದಿಷ್ಟು ಓದಿ ನಾನು ತಿಳಿದುಕೊಂಡುದನ್ನು ಶ್ರೀಮಠದ ಸದ್ಭಕ್ತರ ಮುಂದಿಡಬೇಕೆಂದು ಈ ಲೇಖನ.

ನಮ್ಮದು ಬಾಳ್ಳುಪೇಟೆಯ ಮಗ್ಗುಲಿನ ಒಂದು ಹಳ್ಳಿ. ಹಾಸನ ಮತ್ತು ಸಕಲೇಶಪುರಗಳ ನಡುವೆ ಹೆದ್ದಾರಿಯೂ ರೈಲುಹಾದಿಯೂ ಪೇಟೆಯನ್ನು ಹಾದುಹೋಗುತ್ತವೆ; ಅವೆರಡನ್ನು ಬಿಟ್ಟರೆ ಉಳಿದುದೆಲ್ಲ ಕಾಫಿ, ಮೆಣಸು, ಗದ್ದೆ ಮತ್ತು ಮೌನ. ಮಗ ಸೊಸೆ ಹಾಸನದಲ್ಲಿದ್ದಾರೆ. ಹಬ್ಬಕ್ಕೆ ಹುಟ್ಟಿದೂರಿಗೆ ಬರಬೇಕೆಂಬುದು ಮನೆಯ ಕಟ್ಟಳೆ. ಮಗುವಿಗೆ ನಾಲ್ಕು ವರ್ಷ ತುಂಬಿದ ದೀಪಾವಳಿಯಲ್ಲಿ, ಅಂಗಳದಲ್ಲಿ ಮೊದಲ ಸರಪಟಾಕಿ ಹೊತ್ತಿದೊಡನೆ ಅವನು ಕೂಗಿದ ಕೂಗನ್ನು ಕೇಳಿದವರು ಮಗುವಿಗೆ ಬೆಂಕಿ ತಗುಲಿತೆಂದೇ ಓಡಿಬಂದರು. ಬೆಂಕಿ ತಗುಲಿರಲಿಲ್ಲ. ಅವನು ಅಟ್ಟದ ಏಣಿಯ ಕೆಳಗೆ ಕಾಫಿ ಚೀಲಗಳ ಸಂದಿಯಲ್ಲಿ ಹುದುಗಿ, ಎರಡು ಕೈಗಳಿಂದಲೂ ಕಿವಿ ಅದುಮಿಕೊಂಡು, ರಾತ್ರಿ ಹನ್ನೊಂದರವರೆಗೆ ಅಲ್ಲಿಂದ ಏಳಲಿಲ್ಲ.

ಬಂಧುಗಳ ಮಾತು ಗೊತ್ತೇ ಇದೆಯಲ್ಲ. ಒಬ್ಬರು ಹೆದರಿಕೆಯೆಂದರು, ಮತ್ತೊಬ್ಬರು ದೃಷ್ಟಿಯೆಂದರು, ತಾಯತ ಕಟ್ಟಿಸಿರೆಂದರು. ಮುದ್ದು ಹೆಚ್ಚಾಯಿತು, ಎರಡು ಏಟು ಬಿದ್ದರೆ ಸರಿಹೋಗುತ್ತದೆ ಎಂದವರೂ ಉಂಟು. ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಹುಡುಗ ಅಡಿಗೆಮನೆಯ ಕುಕ್ಕರು ಕೂಗಿದರೆ ಮಾತ್ರ ಓಡಿಹೋಗುವುದನ್ನು ಕಂಡು, ಇದು ಬೇಕೆಂದೇ ಮಾಡುವ ಹಟವೆಂದು ತೀರ್ಪು ಕೊಟ್ಟವರು ಹೆಚ್ಚು. ಈ ತೀರ್ಪುಗಳೆಲ್ಲ ಬೀಳುವುದು ಮಗುವಿನ ಮೇಲಲ್ಲ, ತಾಯಿಯ ಮೇಲೆ. ಮುಂದಿನ ವರ್ಷ ಹಬ್ಬ ಹತ್ತಿರವಾದಾಗ ಸೊಸೆ ದೂರವಾಣಿಯಲ್ಲಿ, "ಮಾವ, ಈ ಸಲ ನಾನೂ ಮಗುವೂ ಬರೋಲ್ಲ, ನಿಮ್ಮ ಮಗ ಬರ್ತಾರೆ. ಎಲ್ಲರ ಹಬ್ಬ ನಮ್ಮಿಂದ ಕೆಡೋದು ಬೇಡ," ಎಂದಳು. ಅದರ ಮುಂದಿನ ವರ್ಷವೂ ಬರಲಿಲ್ಲ. ಒಂದು ಮನೆಯ ಹಬ್ಬದಲ್ಲಿ ಆ ಮನೆಯ ಮಗುವಿಗೂ ತಾಯಿಗೂ ಜಾಗವಿಲ್ಲವೆಂದ ಮೇಲೆ ಆ ಹಬ್ಬ ಯಾರದು? ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿದ್ದು ಆ ಪ್ರಶ್ನೆ.

ಕಿವಿ ಕೇಳುತ್ತದೆಯೋ ಇಲ್ಲವೋ ಎಂಬ ಸಂಶಯದಿಂದ ಅವರು ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದರು. 1966ರಿಂದ ನಮ್ಮ ನಾಡಿನಲ್ಲಿ ನಡೆದುಬಂದಿರುವ ಈ ಸಂಸ್ಥೆಯ ಪ್ರಯೋಜನವನ್ನು ನಮ್ಮ ಮಲೆನಾಡಿನ ಜನ ಇನ್ನೂ ಸಾಕಷ್ಟು ಪಡೆದಿಲ್ಲವೆಂದೇ ನನ್ನ ಭಾವನೆ. ಪರೀಕ್ಷೆಯಲ್ಲಿ ಶ್ರವಣಶಕ್ತಿಗೆ ಯಾವ ಊನವೂ ಕಾಣಲಿಲ್ಲ. ಮಗುವಿಗೆ ಆಟಿಸಂ, ಅಂದರೆ ಸ್ವಲೀನತೆಯ ಲಕ್ಷಣಗಳಿವೆಯೆಂದೂ, ಅದರೊಡನೆ ಶಬ್ದ ಮತ್ತು ಸ್ಪರ್ಶಗಳಿಗೆ ಅತಿಸಂವೇದನೆಯಿದೆಯೆಂದೂ ತಿಳಿಯಿತು.

ಈ ಸ್ಥಿತಿಯನ್ನು ಮೊದಲು ಸವಿವರವಾಗಿ ಬರೆದಿಟ್ಟವರಲ್ಲಿ ಪ್ರಮುಖರು ಅಮೆರಿಕದಲ್ಲಿ ನೆಲಸಿದ್ದ ವೈದ್ಯ ಲಿಯೋ ಕ್ಯಾನರ್. 1943ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವಿದೆ. ಗಟ್ಟಿ ಸದ್ದಿಗೂ ಚಲಿಸುವ ಯಂತ್ರಗಳಿಗೂ ಆ ಮಕ್ಕಳು ಹೆದರುತ್ತಿದ್ದುದನ್ನು ಅವರು ಅಂದೇ ಗುರುತಿಸಿದ್ದರು. ಆದರೂ ವೈದ್ಯಲೋಕ ಬಹುಕಾಲ ಇದನ್ನು ಪಕ್ಕದ ಸಂಗತಿಯೆಂದೇ ಎಣಿಸಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಜೀನ್ ಏರ್ಸ್ ಎಂಬಾಕೆ, ಇಂದ್ರಿಯಗಳಿಂದ ಬಂದ ಸುದ್ದಿಗಳನ್ನು ಮಿದುಳು ಹೇಗೆ ಒಂದುಗೂಡಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರು. ಐದು ಇಂದ್ರಿಯಗಳ ಜೊತೆಗೆ ದೇಹದ ಸಮತೋಲ ಮತ್ತು ಕೈಕಾಲುಗಳು ಎಲ್ಲಿವೆಯೆಂಬ ಅರಿವು, ಇವೆರಡನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅವರ ಮತ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇಂದ್ರಿಯಗಳ ಅತಿ ಅಥವಾ ಅಲ್ಪ ಸ್ಪಂದನವು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಎಂದರೆ ಕ್ಯಾನರ್ ಬರೆದ ಎಪ್ಪತ್ತು ವರ್ಷಗಳ ನಂತರ! ವಿದ್ವಾಂಸರಿಗೇ ಇಷ್ಟು ಕಾಲ ಬೇಕಾಗಿದ್ದಲ್ಲಿ ನಮ್ಮ ಅತ್ತೆ ಚಿಕ್ಕಮ್ಮಂದಿರು ಅದನ್ನು ಹಟವೆಂದುದರಲ್ಲಿ ಆಶ್ಚರ್ಯವಿಲ್ಲ. ಈ ಅತಿಸಂವೇದನೆ ಆಟಿಸಂ ಇರುವ ಮಕ್ಕಳಿಗೆ ಮಾತ್ರ ಸೀಮಿತವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇದಕ್ಕೆ ತದ್ವಿರುದ್ಧವಾಗಿ ಎಷ್ಟು ಸದ್ದಾದರೂ ಸಾಲದೆ ಡೋಲಿಗೇ ಕಿವಿಯೊತ್ತಿ ನಿಲ್ಲುವ ಮಕ್ಕಳೂ ಇದ್ದಾರೆ.

ಆ ಮಕ್ಕಳ ಒಳಗೆ ನಡೆಯುವುದೇನೆಂದು ಅವರಲ್ಲೇ ಒಬ್ಬರು ಬೆಳೆದು ದೊಡ್ಡವರಾಗಿ ಹೇಳಿದ್ದಾರೆ. ಟೆಂಪಲ್ ಗ್ರಾಂಡಿನ್ ಎಂಬ ಈ ಮಹಿಳೆ ಅಮೆರಿಕದ ಕೊಲೊರಾಡೋದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕಿ. ಬಾಲ್ಯದಲ್ಲಿ ಬಹುಕಾಲ ಮಾತೇ ಬಂದಿರಲಿಲ್ಲ. ಜೋರಾದ ಸದ್ದೆಂದರೆ ದಂತವೈದ್ಯರ ಕೊರೆಯುವ ಯಂತ್ರ ನರಕ್ಕೆ ತಗುಲಿದಂತೆ ತನಗೆ ನೋಯುತ್ತಿತ್ತೆಂದು ಆಕೆ ಬರೆದಿದ್ದಾರೆ. ಹೆದರಿಕೆಯಲ್ಲ, ನೋವು, ಈ ಅಂತರವನ್ನು ನಾವು ಗಮನಿಸಬೇಕು. ದನಗಳು ದೊಡ್ಡಿಯ ದಾರಿಯಲ್ಲಿ ಏಕೆ ಥಟ್ಟನೆ ನಿಂತುಬಿಡುತ್ತವೆಂದು ಯಾರಿಗೂ ತಿಳಿಯದಿದ್ದಾಗ, ಆಕೆ ದನದ ಕಣ್ಣಿನ ಮಟ್ಟಕ್ಕೆ ಬಗ್ಗಿ ನಡೆದು, ತೂಗಾಡುವ ಸರಪಳಿಯೊಂದು, ನೆಲದ ಮೇಲಿನ ನೆರಳೊಂದು ಅವುಗಳನ್ನು ತಡೆಯುತ್ತಿದೆಯೆಂದು ಕಂಡುಕೊಂಡರು. ನಮ್ಮ ಕೊಟ್ಟಿಗೆಗಳ ಅನುಭವ ಇದಕ್ಕೆ ಹೊರತಲ್ಲ. ಬಲಿಪಾಡ್ಯಮಿಯ ಗೋಪೂಜೆಯಂದು ಕೊಟ್ಟಿಗೆಯ ಹತ್ತಿರ ಪಟಾಕಿ ಹಾರಿಸಕೂಡದೆಂದು ಚಿಕ್ಕಂದಿನಲ್ಲಿ ನಮಗೆ ಕಟ್ಟಪ್ಪಣೆಯಿತ್ತು. ಕರೆಯುವ ಹಸು ಬೆಚ್ಚಿದರೆ ಕಣ್ಣಿ ಹರಿಯುತ್ತದೆ, ಸಂಜೆ ಹಾಲು ಇಳಿಸುವುದಿಲ್ಲ. ಹಸುವಿಗೆ ಸಲ್ಲಿಸುತ್ತಿದ್ದ ಮರ್ಯಾದೆಯನ್ನು ಮನೆಯ ಮಗುವಿಗೆ ಸಲ್ಲಿಸಲು ಹೊಸ ಶಾಸ್ತ್ರವೇನೂ ಬೇಕಾಗಿಲ್ಲ.

ಕ್ಯಾನರರ ಲೇಖನದ ಸಾರವನ್ನು ಓದುತ್ತಿದ್ದಾಗ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಈ ಮಕ್ಕಳನ್ನು ಕಾಡುವುದು ಸದ್ದೆಂಬ ಸದ್ದಲ್ಲ, ಹೇಳದೆ ಕೇಳದೆ ಮೇಲೆ ಬಂದು ಬೀಳುವ ಸದ್ದು. ಅಷ್ಟೇ ಗಟ್ಟಿಯಾದ ಸದ್ದನ್ನು ಅದೇ ಮಗು ತಾನಾಗಿ ಮಾಡುವಾಗ ಸಂತೋಷದಿಂದಲೇ ಇರುತ್ತದೆ ಎಂಬುದು ಅವರ ಅಭಿಪ್ರಾಯ. ಇದನ್ನು ಓದಿದೊಡನೆ ನನಗೆ ವಿದ್ಯಾರ್ಥಿನಿಲಯದ ದಿನಗಳು ನೆನಪಾದುವು.

1960ರ ದಶಕದಲ್ಲಿ ನಾನು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದೆ. ಅಲ್ಲಿ ಹೊತ್ತು ತಿಳಿಸಲು ಹುಣಸೆಯ ಕೊಂಬೆಗೆ ರೈಲುಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಬೆಳಗಿನ ಪ್ರಾರ್ಥನೆಗೆ, ಪ್ರಸಾದಕ್ಕೆ, ಓದಿಗೆ, ಮಲಗುವುದಕ್ಕೆ ಎಲ್ಲಕ್ಕೂ ಅದನ್ನು ಬಾರಿಸಬೇಕು. ಕಂಬಿಯ ಆ ಕರ್ಕಶ ನಾದ ಕೇಳಿದ ಹಳೆಯ ವಿದ್ಯಾರ್ಥಿಗಳು ಅದನ್ನು ಇನ್ನೂ ಮರೆತಿರಲಾರರು. ನಮ್ಮ ಕೋಣೆಯಲ್ಲಿ ಒಬ್ಬ ಹುಡುಗನಿದ್ದ. ಆ ಸದ್ದು ಕೇಳಿದರೆ ಊಟದ ಪಂಕ್ತಿ ಬಿಟ್ಟು ಹಿತ್ತಿಲ ಬಾವಿಯ ಕಡೆಗೆ ಓಡುತ್ತಿದ್ದ. ಎಷ್ಟೋ ರಾತ್ರಿ ಅವನ ಊಟ ತಪ್ಪುತ್ತಿತ್ತು. ನಾವು ಹುಡುಗರು ನಗುತ್ತಿದ್ದೆವು, ಮೇಷ್ಟರು ಗದರುತ್ತಿದ್ದರು. ದಾಸೋಹದ ಮೇಲ್ವಿಚಾರಣೆ ನೋಡುತ್ತಿದ್ದ ವೃದ್ಧ ಅಯ್ಯನವರೊಬ್ಬರು ಮಾತ್ರ ಕೆಲವು ದಿನ ಸುಮ್ಮನೆ ನೋಡುತ್ತಿದ್ದು, ಒಂದು ಸಂಜೆ ಕಬ್ಬಿಣದ ಕೊಡತಿಯನ್ನು ಅವನ ಕೈಗಿತ್ತು, "ನಾಳೆಯಿಂದ ನೀನೇ ಬಾರಿಸಪ್ಪ. ಎಷ್ಟು ಮೆಲ್ಲಗೆ ಬಾರಿಸ್ತೀಯೋ ನಿನಗೆ ಬಿಟ್ಟಿದ್ದು, ಹುಡುಗರಿಗೆ ಕೇಳಿಸಿದರೆ ಸಾಕು," ಎಂದರು. ಮೊದಲ ದಿನ ಸದ್ದು ನಮಗೆ ಕೇಳಿಸಲೇ ಇಲ್ಲ, ಊಟಕ್ಕೆ ತಡವಾಯಿತು. ವಾರದೊಳಗೆ ಅವನು ಹದವರಿತು ಬಾರಿಸತೊಡಗಿದ. ಪ್ರೌಢಶಾಲೆ ಮುಗಿಯುವವರೆಗೆ ಆ ಕೊಡತಿ ಅವನ ಕೈಯಲ್ಲೇ ಇತ್ತು. ಅಯ್ಯನವರು ಕ್ಯಾನರರನ್ನು ಓದಿದವರಲ್ಲ. ಕನ್ನಡದ ಹೊರತು ಬೇರೆ ಅಕ್ಷರವೇ ಅವರಿಗೆ ಬರುತ್ತಿರಲಿಲ್ಲ.

ನನ್ನ ಮೊಮ್ಮಗನಲ್ಲಿಯೂ ಇದನ್ನೇ ಕಂಡೆ. ಪಟಾಕಿಗೆ ಚೀರುವ ಹುಡುಗ ಬಾಳ್ಳುಪೇಟೆಯ ರೈಲುನಿಲ್ದಾಣದಲ್ಲಿ ಗೂಡ್ಸುಗಾಡಿ ಹಾಯುವುದನ್ನು ನೋಡುತ್ತ ನಿಲ್ಲಬಲ್ಲ. ಅದರ ಕೂಗು ಸಾಮಾನ್ಯವೇ? ಆದರೆ ಸಿಗ್ನಲಿನ ದೀಪ ಬದಲಾಗುತ್ತದೆ, ತಿರುವಿನಲ್ಲಿ ಎಂಜಿನ್ ಕಾಣುತ್ತದೆ, ಆಮೇಲೆ ಕೂಗುತ್ತದೆ. ಅವನು ಮೊದಲೇ ಕಿವಿ ಮುಚ್ಚಿಕೊಂಡು ನಗುತ್ತಾನೆ. ಲೋಬಾನದ ಹೊಗೆಗೆ ವಾಕರಿಸುವವನು ಚೈತ್ರದಲ್ಲಿ ಕಾಫಿ ಹೂವರಳಿದ ತೋಟದೊಳಗೆ ಅರ್ಧ ಗಂಟೆ ನಿಲ್ಲುತ್ತಾನೆ. ಆ ಘಾಟಿಗೆ ನಮಗೇ ತಲೆ ತಿರುಗುತ್ತದೆ. ಪಟಾಕಿಯ ವಿಷಯದಲ್ಲಿ ನಮ್ಮ ಆಲೂರು, ಸಕಲೇಶಪುರ ಸೀಮೆಗೆ ಇನ್ನೊಂದು ತೊಡಕೂ ಉಂಟು. ಇಲ್ಲಿ ಪಟಾಕಿ ಸಿಡಿಯಲು ಹಬ್ಬವೇ ಬರಬೇಕಾಗಿಲ್ಲ. ಕಾಡಾನೆಗಳು ತೋಟಕ್ಕೆ, ಗದ್ದೆಗೆ ನುಗ್ಗಿದ ರಾತ್ರಿ ಯಾವ ಹೊತ್ತಿನಲ್ಲಾದರೂ ಸಿಡಿಯಬಹುದು. ಊರಿಗೆ ಬಂದಾಗ ಮಧ್ಯರಾತ್ರಿ ಆ ಸದ್ದಿಗೆ ಎರಡು ಸಲ ಬೆಚ್ಚಿಬಿದ್ದ ಮಗುವಿಗೆ ದೀಪಾವಳಿಯ ಪಟಾಕಿ ಸಂಭ್ರಮದ ಸದ್ದೆಂದು ತಿಳಿಯುವುದು ಹೇಗೆ?

ಮೂರನೆಯ ವರ್ಷ ಸೊಸೆಯನ್ನು ಕರೆತಂದದ್ದು ನಮ್ಮ ಮನೆಯವರು. ಹಬ್ಬಕ್ಕೆ ಹದಿನೈದು ದಿನ ಮೊದಲೇ ಹಾಸನಕ್ಕೆ ಹೋಗಿ, "ನೀನು ಹೇಗೆ ಹೇಳ್ತೀಯೋ ಹಾಗೆ ಈ ಸಲದ ಹಬ್ಬ, ಬಾಮ್ಮ," ಎಂದು ಕೈಹಿಡಿದು ಕೇಳಿದರು. ಅವಳು ನೋಟುಪುಸ್ತಕದ ಎರಡು ಹಾಳೆ ತುಂಬ ಬರೆದುಕೊಟ್ಟಳು. ಅದರಲ್ಲಿದ್ದುದೆಲ್ಲ ಸಣ್ಣ ಸಂಗತಿಗಳೇ. ಎಣ್ಣೆಸ್ನಾನವನ್ನು ತೆಗೆದುಕೊಳ್ಳಿ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವದ ಅಭ್ಯಂಜನವೆಂದರೆ ಹಂಡೆಯ ಹೊಗೆ, ಬಿಸಿನೀರು, ಸೀಗೆಪುಡಿಯ ಉರಿ, ತಲೆಯನ್ನು ಹಿಡಿದು ತಿಕ್ಕುವ ನಾಲ್ಕು ಕೈ. ಮಗುವಿಗೆ ಹಗುರವಾದ ಸ್ಪರ್ಶ ಕಚಗುಳಿಯಂತೆ ಹಿಂಸೆ, ಆದರೆ ಅಂಗೈಯ ಗಟ್ಟಿಯಾದ ಒತ್ತು ಹಿತ. ಆದಕಾರಣ ನೆತ್ತಿಗೆ ಎಣ್ಣೆ ಬೇಡ, ಬೆನ್ನಿಗೂ ಕೈಕಾಲಿಗೂ ಒತ್ತಿ ನೀವಬೇಕು, ಒಬ್ಬರೇ ನೀವಬೇಕು, ಹೊತ್ತು ಮೂಡಿದ ಮೇಲೆ. ಹೊಸ ಅಂಗಿಯನ್ನು ಎಂಟು ದಿನ ಮೊದಲೇ ಮೂರು ನಾಲ್ಕು ಸಲ ಒಗೆದು ಗರಿ ಮುರಿದು, ಕತ್ತಿನ ಚೀಟಿ ಬಿಚ್ಚಿಡಲಾಯಿತು. ಅದು ಹೊಸಬಟ್ಟೆಯಂತೆ ಕಾಣುತ್ತಿರಲಿಲ್ಲ ನಿಜ. ಹಣೆಗೆ ಮೂರು ಬೆರಳಿನ ವಿಭೂತಿಯ ಬದಲು ತಾನೇ ಕನ್ನಡಿ ನೋಡಿಕೊಂಡು ಒಂದು ಬೊಟ್ಟಿಡುವುದೆಂದಾಯಿತು.

ಒಬ್ಬಟ್ಟನ್ನು ಅವನು ಮುಟ್ಟುವುದಿಲ್ಲ. ಹೊರಗೆ ಮೆತ್ತಗೆ, ಒಳಗೆ ಮರಳುಮರಳು ಎಂಬುದು ಅವನಿಗೆ ಸಹಿಸದು. ಹಬ್ಬದ ಎಲೆಯಲ್ಲಿ ಅಕ್ಕಿರೊಟ್ಟಿ ಬಡಿಸಿದರೆ ಲೋಕವೇನೂ ಮುಳುಗಲಿಲ್ಲ. ಮಿಣುಕುವ ಬಣ್ಣದ ದೀಪದ ಸರವನ್ನು ಮಿಣುಕದಂತೆ ಸ್ಥಿರವಾಗಿ ಉರಿಯಲು ಬಿಟ್ಟೆವು, ಮುಂಬಾಗಿಲಿನಲ್ಲಿ ಹಣತೆ. ಬಂದ ನೆಂಟರು ಗಲ್ಲ ಹಿಂಡುವುದು, ಎತ್ತಿ ಮುದ್ದಿಸುವುದು, ಕಾಲು ಮುಟ್ಟಿಸುವುದು ಬೇಡವೆಂದು ಮನೆಯವರು ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತಿದ್ದರು. ಅಟ್ಟದ ಏಣಿಯ ಕೆಳಗಿನ ಮೂಲೆ ಅವನೇ ಆರಿಸಿಕೊಂಡ ಜಾಗವಷ್ಟೆ. ಅಲ್ಲಿ ಚೀಲಗಳನ್ನು ತೆಗೆದು ಹಳೆಯ ಕಂಬಳಿ ಹಾಸಿ, ಒಂದು ಪರದೆ ಕಟ್ಟಿಕೊಟ್ಟೆವು. ಅಲ್ಲಿಗೆ ಹೋದರೆ ಯಾರೂ ಕರೆಯಕೂಡದು, ಇಣುಕಕೂಡದು. ಅದು ಶಿಕ್ಷೆಯ ಮೂಲೆಯಲ್ಲ, ಅವನ ಕೋಣೆ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಚಿತ್ರದ ಪುಸ್ತಕ. ಮುಂದೆ ನಡೆಯಲಿರುವುದನ್ನು ಮಗುವಿಗೆ ಸಣ್ಣ ಕಥೆಯಾಗಿ ಮೊದಲೇ ಹೇಳಿಡುವ ಪದ್ಧತಿಯನ್ನು ಅಮೆರಿಕದ ಕ್ಯಾರೊಲ್ ಗ್ರೇ ಎಂಬ ಶಿಕ್ಷಕಿ 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದರಂತೆ. ಸೊಸೆ ಹಳೆಯ ಹಬ್ಬಗಳ ಭಾವಚಿತ್ರಗಳನ್ನು ಅಂಟಿಸಿ ಎಂಟು ಪುಟದ ಪುಸ್ತಕ ಮಾಡಿದಳು: ಮೊದಲು ಬಸ್ಸು, ಆಮೇಲೆ ತಾತನ ಮನೆ, ಆಮೇಲೆ ಹಂಡೆಗೆ ಪೂಜೆ, ಆಮೇಲೆ ಹಸುವಿಗೆ ಹೂವಿನ ಹಾರ. ಕೊನೆಯ ಪುಟದಲ್ಲಿ ಹಾಸನದ ಮನೆಯ ಬಾಗಿಲು. ಹಬ್ಬಕ್ಕೆ ಒಂದು ಮುಕ್ತಾಯವುಂಟೆಂದು ತಿಳಿದಿರುವುದು ಆ ಮಗುವಿಗೆ ಎಷ್ಟು ದೊಡ್ಡ ಸಮಾಧಾನವೆಂಬುದನ್ನು ನಾವು ಊಹಿಸಿರಲಿಲ್ಲ. ದಿನಕ್ಕೆ ಹತ್ತು ಸಲ ಆ ಪುಟವನ್ನೇ ತೆರೆದು ನೋಡುತ್ತಿದ್ದ.

ಪಟಾಕಿಯನ್ನು ಅಂಗಳದಿಂದ ಕಣಕ್ಕೆ, ಕಣದಿಂದ ಕೆರೆಯ ಏರಿಗೆ ಸಾಗಿಸಿದೆವು. ಸಂಜೆ ಏಳೂವರೆಗೆ ಹಚ್ಚುವುದು, ಎಂಟಕ್ಕೆ ಮುಗಿಸುವುದು. ಗಡಿಯಾರ ಮಗುವಿನ ಕೈಯಲ್ಲಿ. ಕಳೆ ಕೊಚ್ಚುವ ಯಂತ್ರ ಹಿಡಿಯುವ ಆಳುಗಳು ಕಿವಿಗೆ ಹಾಕಿಕೊಳ್ಳುವ ಮುಚ್ಚಳಗಳಿವೆಯಲ್ಲ, ಅದೇ ಬಗೆಯದು ಮಕ್ಕಳ ಅಳತೆಯಲ್ಲಿಯೂ ಸಿಗುತ್ತದೆ. ಸರಿಯಾಗಿ ಕೂತರೆ ಸದ್ದನ್ನು ಸುಮಾರು 20ರಿಂದ 30 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 10 ಇಳಿದರೆ ಶಬ್ದದ ಶಕ್ತಿ ಹತ್ತನೆಯ ಒಂದು ಪಾಲಾಗುವುದರಿಂದ ಇದು ಸಣ್ಣ ಸಹಾಯವಲ್ಲ. ಆದರೆ ಹೊಸದನ್ನು ಹಬ್ಬದ ದಿನವೇ ತಲೆಗೆ ಏರಿಸಿದರೆ ಕಿತ್ತೆಸೆಯುತ್ತಾರೆ. ಮೊದಲೇ ಅಭ್ಯಾಸವಾಗಬೇಕು. ಮಂಗಳಾರತಿಯ ವೇಳೆಗೆ ಗಂಟೆಯನ್ನು ಅವನ ಕೈಗೇ ಕೊಟ್ಟದ್ದು ನನ್ನ ಸಲಹೆ, ಅಯ್ಯನವರ ಸಾಲವೆನ್ನಬೇಕು.

ನನ್ನ ಅಕ್ಕ ಇದಕ್ಕೆಲ್ಲ ಒಪ್ಪಲಿಲ್ಲ. "ಒಂದು ಮಗುವಿಗೋಸ್ಕರ ಹತ್ತು ಮಕ್ಕಳ ಹಬ್ಬ ಕೆಡಿಸ್ತೀಯೇನೋ? ನಮ್ಮ ಕಾಲದಲ್ಲಿ ಹೆದರೋ ಮಕ್ಕಳು ಇರಲಿಲ್ವೇ, ರೂಢಿ ಆಗ್ತಿರಲಿಲ್ವೇ?" ಎಂದಳು. ಎಂಬತ್ತು ದಾಟಿದ ಹಿರಿಯಳ ಮಾತನ್ನು ತಳ್ಳಿಹಾಕಲು ಬಾರದು. ರೂಢಿಯಾಗುವ ಮಕ್ಕಳೂ ಇದ್ದಾರೆ. ಮೈಸೂರಿನ ದಸರೆಗೆ ಬರುವ ಆನೆಗಳಿಗೆ ಜಂಬೂಸವಾರಿಗೆ ಮುನ್ನ ಕುಶಾಲತೋಪು ಹಾರಿಸಿ ತಾಲೀಮು ಕೊಡುವುದನ್ನು ಎಲ್ಲರೂ ಬಲ್ಲರು. ಆದರೆ ಅಲ್ಲಿಯೂ ಬೆಚ್ಚುವ ಆನೆಯನ್ನು ಮಾವುತ ಮೈದಡವಿ ಸಂತೈಸುತ್ತಾನೆ, ವಾರಗಟ್ಟಲೆ ಕಾಯುತ್ತಾನೆ. ತಾಲೀಮಿಲ್ಲದ ಆನೆಯನ್ನು ವಿಜಯದಶಮಿಯ ದಿನ ತೋಪಿನ ಮುಂದೆ ತಂದು ನಿಲ್ಲಿಸುವುದಿಲ್ಲ. ನಾವು ಮಕ್ಕಳನ್ನು ನಿಲ್ಲಿಸುವುದು ಹಾಗೆಯೇ. ಉಳಿದ ಒಂಬತ್ತು ಮಕ್ಕಳ ಹಬ್ಬವಂತೂ ಕೆಡಲಿಲ್ಲ. ಕೆರೆಯ ಏರಿಯ ಮೇಲೆ ಕತ್ತಲಲ್ಲಿ ನಡೆದು ಹೋಗಿ ಹೂಕುಂಡ ಹಚ್ಚಿದ್ದು ಅವರಿಗೆ ಅಂಗಳಕ್ಕಿಂತ ಹೆಚ್ಚಿನ ಸಾಹಸವಾಯಿತು. ಅಕ್ಕ ಮಾತ್ರ ಈಗಲೂ ಅಕ್ಕಿರೊಟ್ಟಿಯ ಎಲೆಯನ್ನು ನೋಡಿ ಮುಖ ತಿರುಗಿಸುತ್ತಾಳೆ.

ಮನೆಯ ಹಬ್ಬ ಹೀಗೆ ನಮ್ಮ ಹಿಡಿತಕ್ಕೆ ಬಂದೀತು. ಊರ ಹಬ್ಬದ ಗತಿಯೇನು? ವೀರಗಾಸೆಯ ಕರಡೆ ಸಮಾಳಗಳೂ ಗಟ್ಟಿಯಾದ ವಾದ್ಯಗಳೇ. ಹಳೆಯದೆಲ್ಲ ಮೆಲ್ಲಗಿತ್ತೆಂದು ನಾನು ಹೇಳಲಾರೆ. ಆದರೆ ಮನುಷ್ಯನ ತೋಳು ದಣಿಯುತ್ತದೆ, ಮೇಳ ಮುಂದಿನ ಬೀದಿಗೆ ಸಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗಣಪತಿಯ ಮೆರವಣಿಗೆಯಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಹೊಕ್ಕಿರುವ ಡಿ.ಜೆ. ಎಂಬ ಪೆಟ್ಟಿಗೆಗಳಿಗೆ ದಣಿವಿಲ್ಲ. ಅವುಗಳ ಸದ್ದಿಗೆ ಗೋಡೆಯ ಗಾರೆ ಉದುರುತ್ತದೆ. ಇದು ಸಂಪ್ರದಾಯವೆಂದು ವಾದಿಸುವವರ ಬಗ್ಗೆ ನನಗೆ ಸಹನೆ ಕಡಿಮೆ. ಕಾನೂನೂ ಇದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಪಟಾಕಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಕೂಡದು. 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಅವಧಿಯನ್ನು ಗೊತ್ತುಪಡಿಸಿತು. ಅದು ಹೊಗೆಯ ವ್ಯಾಜ್ಯದಲ್ಲಿ ಬಂದ ತೀರ್ಪಾದರೂ, ಸದ್ದಿಗೆ ಹೊತ್ತು ಗೊತ್ತಾಗುವುದೇ ಇಂಥ ಮಕ್ಕಳಿಗೆ ಅರ್ಧ ಔಷಧ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಆಟಿಸಂ ಅನ್ನು ಹೆಸರಿಸಿ, ಸಾಂಸ್ಕೃತಿಕ ಜೀವನದಲ್ಲಿ ಎಲ್ಲರಂತೆ ಭಾಗವಹಿಸುವ ಹಕ್ಕನ್ನೂ ಮಾನ್ಯಮಾಡಿದೆ. ಜಾತ್ರೆಗಿಂತ ಮಿಗಿಲಾದ ಸಾಂಸ್ಕೃತಿಕ ಜೀವನ ನಮ್ಮ ಹಳ್ಳಿಗಳಲ್ಲಿ ಯಾವುದಿದೆ?

ಹೊರದೇಶಗಳಲ್ಲಿ ಇದಕ್ಕೆ ದಾರಿ ಹುಡುಕಿದ್ದಾರೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 2011ರ ಅಕ್ಟೋಬರಿನಲ್ಲಿ 'ದಿ ಲಯನ್ ಕಿಂಗ್' ಎಂಬ ಜನಪ್ರಿಯ ನಾಟಕದ ಒಂದು ಪ್ರದರ್ಶನವನ್ನು ಆಟಿಸಂ ಇರುವ ಮಕ್ಕಳ ಕುಟುಂಬಗಳಿಗೆಂದೇ ಏರ್ಪಡಿಸಿ, ಕಿವಿಗಡಚಿಕ್ಕುವ ಸದ್ದನ್ನೂ ಕಣ್ಣು ಕುಕ್ಕುವ ಬೆಳಕನ್ನೂ ತಗ್ಗಿಸಿದರು. ದಣಿದ ಮಕ್ಕಳು ಕೂರಲು ಹೊರಗೆ ಜಾಗ ಮಾಡಿದರು. ಇಂಗ್ಲೆಂಡಿನ ಅಂಗಡಿಗಳು ಸಂಗೀತ ನಿಲ್ಲಿಸಿ ದೀಪ ತಗ್ಗಿಸುವ ಒಂದು ಗಂಟೆಯನ್ನು 2017ರಿಂದೀಚೆಗೆ ರೂಢಿಗೆ ತಂದವು. ಅಂಗಡಿಕಾರರು ಮಾಡಬಲ್ಲುದನ್ನು ಗುಡಿಯವರೂ ಮಠದವರೂ ಮಾಡಲಾರರೇ? ಮಹೋತ್ಸವದ ದಿನ ಬೆಳಗ್ಗೆ ಜನ ಸೇರುವ ಮೊದಲು ಒಂದು ಗಂಟೆ ಧ್ವನಿವರ್ಧಕವಿಲ್ಲದ ದರ್ಶನ, ದಾಸೋಹದಲ್ಲಿ ಅಂಥ ಮಕ್ಕಳಿಗೂ ತಾಯಂದಿರಿಗೂ ಬದಿಯ ಒಂದು ಕೊಠಡಿ, ಇವಕ್ಕೆ ಖರ್ಚೆಂಬುದೇ ಇಲ್ಲ. ಸುಗ್ಗಿಯ ಕಾಲಕ್ಕೆ ಊರಿಗೆ ಸಾರು ಹಾಕಿ, ಇಂತಿಷ್ಟು ದಿನ ಇಂತಿಂಥ ಕೆಲಸ ಮಾಡಕೂಡದೆಂದು ಕಟ್ಟುಪಾಡು ವಿಧಿಸಿಕೊಳ್ಳುವ ವಾಡಿಕೆ ನಮ್ಮ ಮಲೆನಾಡಿನ ಹಲವು ಗ್ರಾಮಗಳಲ್ಲಿದೆ. ದೇವರ ಹೆಸರಿನಲ್ಲಿ ಕೈ ತಡೆದುಕೊಳ್ಳಲು ಬಲ್ಲ ಊರಿಗೆ ಒಂದು ಗಂಟೆ ಸದ್ದು ತಡೆದುಕೊಳ್ಳುವುದು ಹೊಸ ವಿದ್ಯೆಯಲ್ಲ.

ಸಕಲೇಶಪುರದಲ್ಲಿ ಹೇಮಾವತಿಯ ದಡದ ಶ್ರೀ ಸಕಲೇಶ್ವರಸ್ವಾಮಿಯ ರಥೋತ್ಸವಕ್ಕೆ ಮೊಮ್ಮಗನನ್ನು ಕರೆದೊಯ್ಯುವ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಅವನಿಗೀಗ ಒಂಬತ್ತು ವರ್ಷ. ಕಳೆದ ಸಲ ರಥ ಎಳೆಯುವ ಹಿಂದಿನ ದಿನ ಮಧ್ಯಾಹ್ನ, ಬೀದಿ ಬಿಕೋ ಎನ್ನುತ್ತಿದ್ದಾಗ ಹೋದೆವು. ರಥಕ್ಕೆ ಬಾವುಟಗಳನ್ನು ಕಟ್ಟುತ್ತಿದ್ದರು. ಅವನು ಚಕ್ರವನ್ನು ಮುಟ್ಟಿದ, ಅದರ ಸುತ್ತ ನಡೆದ, ಮಿಣಿಯ ಹುರಿಯನ್ನು ಮೂಗಿಗೆ ಹಿಡಿದು ಮೂಸಿದ. "ತಾತ, ಇದು ನಾಳೆ ಎಷ್ಟು ಗಂಟೆಗೆ ಹೊರಡುತ್ತೆ?" ಎಂದು ಕೇಳಿದ. ಕೆಲಸದವರನ್ನು ಕೇಳಿ ಹೇಳಿದೆ. ಮರುದಿನ ನಾವು ದೂರದ ಒಂದು ಮಹಡಿಯ ಮೇಲಿಂದ, ಅವನು ಕಿವಿಗೆ ಮುಚ್ಚಳ ಹಾಕಿಕೊಂಡು, ರಥ ಹತ್ತು ಮಾರು ಹೋಗುವವರೆಗೆ ನೋಡಿದೆವು. ಆಮೇಲೆ "ಸಾಕು" ಎಂದ, ಇಳಿದುಬಂದೆವು.

ನಮ್ಮೂರಿನ ಉತ್ಸವದಲ್ಲಿ ಇಂಥ ಒಂದು ಮೆಲುದನಿಯ ಗಂಟೆಯನ್ನು ಇಡಬೇಕೆಂದು ನಾನು ಸಮಿತಿಯ ಮುಂದೆ ಕೇಳಿದ್ದೇನೆ. ಮೂವರು ಒಪ್ಪಿದ್ದಾರೆ, ಇಬ್ಬರು ಯೋಚಿಸೋಣವೆಂದಿದ್ದಾರೆ, ಧ್ವನಿವರ್ಧಕದ ಗುತ್ತಿಗೆದಾರರು ಮಾತ್ರ ಏನನ್ನೂ ಹೇಳಿಲ್ಲ. ಸಭೆಯ ನಂತರ ಪಕ್ಕದ ಹಳ್ಳಿಯ ತಾಯಿಯೊಬ್ಬರು ನನ್ನನ್ನು ಪಡಸಾಲೆಯ ಕಂಬದ ಮರೆಗೆ ಕರೆದು, ತಮ್ಮ ಮಗಳಿಗೂ ಹೀಗೆಯೇ ಎಂದೂ, ಆ ಗಂಟೆ ಯಾವುದೆಂದು ಗೊತ್ತಾದರೆ ತಮಗೂ ಹೇಳಿಕಳಿಸಬೇಕೆಂದೂ ಕೇಳಿಕೊಂಡರು.